ಜೀಲಾಂಗ್‌ಗೆ ಬಂತಂತೆ

ಮೆಲ್ಬರ್ನ್ ನಗರದ ಪೂರ್ವಕ್ಕೆ, ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪುವ ಮಿಚಮ್ ಎಂಬ ಬಡಾವಣೆಯಲ್ಲಿ ನನ್ನ ತಮ್ಮನ ಮನೆ. ಜನವರಿಯಲ್ಲಿ ಅಲ್ಲಿ ಇಪ್ಪತ್ತಾರು ದಿನ ಇದ್ದೆ. ನೋಡಬೇಕಾದದ್ದನ್ನೆಲ್ಲ ತಮ್ಮ ತೋರಿಸಿದ. ಗ್ರೇಟ್ ಓಷನ್ ರೋಡಿನಲ್ಲಿ ಒಂದು ದಿನವಿಡೀ ಕಡಲಿನ ಪಕ್ಕಕ್ಕೇ ಕಾರಿನಲ್ಲಿ ಹೋದೆವು. ಫಿಲಿಪ್ ದ್ವೀಪದಲ್ಲಿ ಕತ್ತಲಾಗುವ ಹೊತ್ತಿಗೆ ಪುಟಾಣಿ ಪೆಂಗ್ವಿನ್‌ಗಳು ಗುಂಪುಗುಂಪಾಗಿ ದಡಕ್ಕೆ ಬರುವುದನ್ನು ನೋಡಿದೆವು. ಎಲ್ಲವೂ ಚೆನ್ನಾಗಿತ್ತು. ಆದರೆ ದಾವಣಗೆರೆಗೆ ಮರಳಿ ಎರಡು ತಿಂಗಳಾದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ತಮ್ಮನ ಮನೆಗೂ ಪಕ್ಕದ ಮನೆಗೂ ನಡುವೆ ಇರುವ ಹಲಗೆ ಬೇಲಿಯ ಬಳಿ.

ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಅಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಮುಚ್ಚಿದ ಶಾಲೆ ಜನವರಿ ಮುಗಿಯುವವರೆಗೆ ತೆರೆಯುವುದಿಲ್ಲ. ಹಾಗಾಗಿ ಹುಡುಗರು ದಿನವೆಲ್ಲ ಹಿತ್ತಲಿನಲ್ಲೇ. ಸಂಜೆ ಐದಕ್ಕೆ ಕ್ರಿಕೆಟ್ ಶುರುವಾದರೆ ಎಂಟೂವರೆ ಕಳೆದರೂ ಬೆಳಕಿರುತ್ತದೆ. ಚಕ್ರವಿರುವ, ಹಸಿರು ಮುಚ್ಚಳದ ಎತ್ತರದ ಕಸದ ಡಬ್ಬಿಯೇ ವಿಕೆಟ್. ಚೆಂಡು ಬೇಲಿ ದಾಟಿದರೆ ಆರು ರನ್, ಜೊತೆಗೆ ಹೊಡೆದವನು ಔಟ್. ಒಂದು ಪುಟ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ತಮ್ಮನ ಮಗಳಿಗೆ ಏಳು ವರ್ಷ. ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಮೊದಲ ಬ್ಯಾಟಿಂಗ್ ಅವಳದೇ, ಮೊದಲ ಚೆಂಡಿಗೆ ಔಟಾದರೆ ಲೆಕ್ಕಕ್ಕಿಲ್ಲ. ಲಕ್ಷ ಜನ ಕೂರುವ ಮೆಲ್ಬರ್ನ್ ಕ್ರಿಕೆಟ್ ಮೈದಾನವನ್ನೂ ತಮ್ಮ ತೋರಿಸಿದ್ದ. ನನಗೆ ನಿಂಬೆಗಿಡವೇ ಬೌಂಡರಿಯಾಗಿದ್ದ ಈ ಹಿತ್ತಲೇ ಹೆಚ್ಚು ಇಷ್ಟವಾಯಿತು.

ಆ ಪುಟ್ಟ ಹುಡುಗಿ ಅಜ್ಜಿಯನ್ನು ಹೆಸರು ಹಿಡಿದು ಕರೆಯುತ್ತಾಳೆ. ಅಲ್ಲಿ ಎಲ್ಲರೂ ಹಾಗೆಯೇ. ನನಗೆ ನಾಲಿಗೆ ಏಳಲಿಲ್ಲ. ಮೂರು ದಿನ ಏನೂ ಕರೆಯದೆ ಮಾತಾಡಿದೆ. ನಾಲ್ಕನೆಯ ದಿನ ಮೊಮ್ಮಕ್ಕಳು ಕರೆಯುವಂತೆ ನಾನೂ ‘ನ್ಯಾನ್’ ಎಂದೆ. ಅವರು ಹಿಡಿದಿದ್ದ ನೀರಿನ ಪೈಪನ್ನು ಕೆಳಗಿಟ್ಟು ಬಂದು ನನ್ನ ಕೈ ಹಿಡಿದುಕೊಂಡರು.

ತಿಂಡಿತಿನಿಸಿನ ಬಗ್ಗೆ ಹೇಳಬೇಕೆಂದರೆ, ಅಲ್ಲಿನ ಚೆರಿ ಹಣ್ಣಿಗೆ ನಾನು ಸೋತೆ. ಕಪ್ಪಿಗೆ ತಿರುಗಿದ, ಕಚ್ಚಿದರೆ ಗಲ್ಲದವರೆಗೆ ರಸ ಇಳಿಯುವ ಚೆರಿ. ಕ್ವೀನ್ಸ್‌ಲ್ಯಾಂಡಿನ ಬೋವೆನ್ ಮಾವನ್ನು ಎಲ್ಲರೂ ಹೊಗಳುತ್ತಾರೆ. ಧಾರವಾಡದ ಆಪೂಸಿನ ಹತ್ತಿರಕ್ಕೂ ಅದು ಬರಲಾರದು. ಪಾವ್ಲೋವಾ ಎಂಬ ಸಿಹಿಯಲ್ಲಿ ಮೇಲಿನ ಹಣ್ಣಷ್ಟೇ ನನಗೆ ಸೇರಿದ್ದು.

ಒಂದು ಮಾತು ಹೇಳಲೇಬೇಕು, ಏಕೆಂದರೆ ಇನ್ನೂ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತೇನೆ. ಮಾರ್ಡಿಯಾಲಕ್ ಕಡಲತೀರಕ್ಕೆ ಹೋದ ದಿನ ಮೋಡ ಕವಿದಿತ್ತು, 21 ಡಿಗ್ರಿ ಇದ್ದಿರಬಹುದು, ತಣ್ಣಗೆ ಗಾಳಿ. ಬಿಸಿಲಿಲ್ಲವಲ್ಲ, ನಮ್ಮ ಬಣ್ಣದ ಚರ್ಮಕ್ಕೆ ಏನಾಗುತ್ತದೆ ಎಂದು ಸನ್‌ಸ್ಕ್ರೀನ್ ಹಚ್ಚಲಿಲ್ಲ. ರಾತ್ರಿ ಕುತ್ತಿಗೆ, ಪಾದಗಳ ಮೇಲ್ಭಾಗ ಕೆಂಡದಂತೆ ಉರಿದವು. ಒಂದು ವಾರ ಸಿಪ್ಪೆ ಸುಲಿಯಿತು, ಚಪ್ಪಲಿ ಹಾಕಲಾಗಲಿಲ್ಲ, ಎರಡು ಪ್ರವಾಸ ತಪ್ಪಿದವು. ಅಲ್ಲಿನ ಬೇಸಿಗೆಯಲ್ಲಿ ಸೆಕೆಯೇ ಬೇರೆ, ಅತಿನೇರಳೆ ಕಿರಣವೇ ಬೇರೆ. ತಂಪು ದಿನದಲ್ಲೂ, ತೆಳುಮೋಡದಲ್ಲೂ ಅದು ಸುಡುತ್ತದೆ. ಹವಾಮಾನ ವರದಿಯಲ್ಲಿ ಅದರ ಸೂಚ್ಯಂಕ ಕೊಡುತ್ತಾರೆ. 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು; ಜನವರಿಯಲ್ಲಿ 11, 12 ಮುಟ್ಟುವುದು ಮಾಮೂಲು. ಹೊರಡುವ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ಅಗಲ ಅಂಚಿನ ಟೋಪಿ ಹಾಕಿ. ಮಕ್ಕಳಿಗೆ ಇದು ಬಾಯಿಪಾಠ. ಅಂಗಿ ತೊಡಿ, ಕ್ರೀಮ್ ಹಚ್ಚಿ, ಟೋಪಿ ಹಾಕಿ ಎಂದು 1981ರಿಂದ ಅಲ್ಲಿ ಪ್ರಚಾರ ನಡೆದಿದೆ. ಟೋಪಿ ತರದ ಮಗುವನ್ನು ಶಾಲೆಯಲ್ಲಿ ಬಯಲಿನ ಆಟಕ್ಕೆ ಬಿಡುವುದಿಲ್ಲ.

ಇನ್ನು ಆ ದಿನ.

ಎರಡು ದಿನ 38ರ ಮೇಲಿದ್ದ ತಾಪ ಮೂರನೆಯ ದಿನ 42ಕ್ಕೆ ಏರಿತು. ದಾವಣಗೆರೆಯವಳಿಗೆ ಸೆಕೆ ಹೊಸದಲ್ಲ. ಆದರೆ ಇದು ಒಣ ಸೆಕೆ. ಉತ್ತರದಿಂದ, ಖಂಡದ ಒಳನಾಡಿನ ಒಣಭೂಮಿಯ ಕಡೆಯಿಂದ ಬೀಸುವ ಗಾಳಿಗೆ ತುಟಿ ಬಿರಿಯುತ್ತದೆ, ಒದ್ದೆ ಬಟ್ಟೆ ಹರವಿ ತಿರುಗುವಷ್ಟರಲ್ಲಿ ಒಣಗುತ್ತದೆ. ಬೆಳಗ್ಗೆ ಎದ್ದವಳೇ ಗಾಳಿಗೆಂದು ಕಿಟಕಿ ತೆರೆಯಹೋದೆ. ನಾದಿನಿ ಓಡಿಬಂದು ಮುಚ್ಚಿದಳು. ಅಲ್ಲಿ ಸೆಕೆಯ ದಿನ ಬೆಳಗ್ಗೆ ಎಂಟಕ್ಕೇ ಕಿಟಕಿ, ಪರದೆ ಎಲ್ಲ ಮುಚ್ಚಿ ರಾತ್ರಿಯ ತಂಪನ್ನು ಒಳಗೆ ಹಿಡಿದಿಡುತ್ತಾರೆ. ಬೀದಿಯಲ್ಲಿ ಒಂದು ಮುಖವೂ ಕಾಣಲಿಲ್ಲ. ರಾಜ್ಯದಾದ್ಯಂತ ಬಯಲಿನಲ್ಲಿ ಬೆಂಕಿ ಹೊತ್ತಿಸಕೂಡದೆಂದು ಆಜ್ಞೆಯಾಗಿತ್ತು. ಪಕ್ಕದ ಮನೆಯ ಹುಡುಗರು ಹಕ್ಕಿಗಳಿಗೆಂದು ಮರದ ಕೆಳಗೆ ಬೋಗುಣಿಯಲ್ಲಿ ನೀರಿಟ್ಟು ಒಳಗೆ ಓಡಿದರು.

ಮಧ್ಯಾಹ್ನದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು. ‘ಚೇಂಜ್ ಎಷ್ಟು ಹೊತ್ತಿಗೆ?’ ನೈಋತ್ಯದ ಕಡಲಿನಿಂದ ಬರುವ ತಣ್ಣನೆಯ ಗಾಳಿಗೆ ಅವರು ಕೂಲ್ ಚೇಂಜ್ ಎನ್ನುತ್ತಾರೆ. ಬಂದರೆ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಹದಿನೈದು ಡಿಗ್ರಿ ಇಳಿಯುತ್ತದಂತೆ. ನಾನು ನಂಬಿರಲಿಲ್ಲ. ಐದಕ್ಕೆ ತಮ್ಮ ಮೊಬೈಲ್ ನೋಡಿ, ‘ಅಕ್ಕಾ, ಜೀಲಾಂಗ್‌ಗೆ ಬಂತಂತೆ!’ ಎಂದು ಕೂಗಿದ. ಕೊಲ್ಲಿಯ ಆಚೆ ದಡದ ಊರು ಅದು, ಅಲ್ಲಿಗೆ ಬಂದದ್ದು ಇಲ್ಲಿಗೂ ಬರುತ್ತದೆ. ನನಗೆ ನಮ್ಮಪ್ಪ ನೆನಪಾದರು. ಜೂನ್ ಮೊದಲ ವಾರ ರೇಡಿಯೊ ಮುಂದೆ ಕೂತು ಇದೇ ದನಿಯಲ್ಲಿ ‘ಕೇರಳಕ್ಕೆ ಬಂತಂತೆ’ ಎನ್ನುತ್ತಿದ್ದರು. ಆಮೇಲೆ ಮಂಗಳೂರು, ಆಮೇಲೆ ಘಟ್ಟ, ಆಮೇಲೆ ನಾವು.

ನಾನು ಹೊರಗೆ ಬಂದೆ. ನ್ಯಾನ್ ತಮ್ಮ ಮನೆಯ ಮುಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಮಡಿಲಲ್ಲಿ ಫೋನು. ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಎಲ್ಲರೂ ನೈಋತ್ಯದ ಕಡೆ ನೋಡುತ್ತಿದ್ದರೆ ಅವರು ಉತ್ತರಕ್ಕೆ ನೋಡುತ್ತಿದ್ದರು.

‘ನನ್ನ ತಂಗಿ ಆ ಕಡೆ ಬೆಟ್ಟದಲ್ಲಿದ್ದಾಳೆ, ಕಿಂಗ್‌ಲೇಕ್‌ನಲ್ಲಿ’ ಎಂದರು.

ಆ ಹೆಸರು ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು. 2009ರ ಫೆಬ್ರವರಿ 7, ಶನಿವಾರ. ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ, ನಗರದ ದಾಖಲೆಯಲ್ಲೇ ಅತಿ ಹೆಚ್ಚು. ಅವತ್ತಿನ ಕಾಳ್ಗಿಚ್ಚುಗಳಲ್ಲಿ ಸತ್ತವರು 173 ಮಂದಿ.

‘ಉತ್ತರದ ಗಾಳಿಗೆ ಬೆಂಕಿ ಈಟಿಯಂತೆ ಉದ್ದಕ್ಕೆ ಓಡುತ್ತಿತ್ತು. ಸಂಜೆ ಚೇಂಜ್ ಬಂತು. ಗಾಳಿ ತಿರುಗಿದ ಕೂಡಲೇ ಆ ಈಟಿಯ ಉದ್ದನೆಯ ಪಕ್ಕೆಯೇ ಬೆಂಕಿಯ ಮುಖವಾಯಿತು. ಅದು ಕಿಂಗ್‌ಲೇಕ್‌ಗೆ ಹತ್ತಿತು. ನಾವು ಇಲ್ಲಿ ಬಾಗಿಲು ತೆರೆದು, ಅಬ್ಬಾ, ಬಂತಲ್ಲ ಎಂದು ಅಂಗಳದಲ್ಲಿ ನಿಂತಿದ್ದೆವು. ಅದೇ ಗಾಳಿ.’

‘ತಂಗಿ?’

‘ತಪ್ಪಿಸಿಕೊಂಡಳು. ನಡುರಾತ್ರಿ ಇಲ್ಲಿಗೆ ಬಂದಳು. ಕಾರಿನಲ್ಲಿ ನಾಯಿ, ಇಸ್ತ್ರಿಯಾಗಬೇಕಿದ್ದ ಬಟ್ಟೆಯ ಬುಟ್ಟಿ. ಮನೆಯ ಪತ್ರವಿಲ್ಲ, ಒಂದು ಫೋಟೊ ಇಲ್ಲ. ಯಾಕೆ ಬುಟ್ಟಿ ತಂದೆ ಎಂದರೆ ಅವಳಿಗೇ ತಿಳಿಯದು. ಮಾರನೆಯ ದಿನ ನಾನು ಅಷ್ಟನ್ನೂ ಇಸ್ತ್ರಿ ಮಾಡಿದೆ. ನನಗೆ ಬೇರೇನು ಮಾಡಬೇಕೆಂದು ತೋಚಲಿಲ್ಲ.’

ಏನು ಹೇಳಬೇಕೋ ನನಗೂ ತೋಚಲಿಲ್ಲ. ಮತ್ತೆ ಅಲ್ಲೇ ಮನೆ ಕಟ್ಟಿಕೊಂಡರೇ ಎಂದೆ. ‘ಅಲ್ಲೇ. ಮರಗಳು ಚಿಗುರಿದ್ದನ್ನು ನೋಡಿ ಹೋದಳು. ಸುಟ್ಟು ಕಪ್ಪಾದ ನೀಲಗಿರಿಯ ಕಾಂಡದ ಮೈತುಂಬ ಎಲೆ ಬರುತ್ತದೆ, ಗೊತ್ತೇ? ಕೊಂಬೆಯಲ್ಲಲ್ಲ, ಕಾಂಡಕ್ಕೇ.’

ಅಷ್ಟರಲ್ಲಿ ಎದುರುಮನೆಯ ಮರದ ತುದಿ ಒಮ್ಮೆ ನಿಂತಿತು. ಉತ್ತರದ ಗಾಳಿ ಪೂರ್ತಿ ಬಿದ್ದುಹೋಯಿತು. ಆಮೇಲೆ ಆ ಮರ ಇನ್ನೊಂದು ಕಡೆಗೆ ಬಾಗಿತು. ಬೀದಿಯ ಧೂಳು, ಮರದ ತೊಗಟೆ, ಒಣ ಎಲೆಗಳು ಎದ್ದು ನಮ್ಮತ್ತ ಓಡಿಬಂದವು. ಅವುಗಳ ಹಿಂದೆಯೇ ಕಡಲಿನ ತಂಪು. ನನ್ನ ತೋಳಿನ ರೋಮ ನಿಮಿರಿತು. ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುವ ಸದ್ದು ಬೀದಿಯುದ್ದಕ್ಕೂ ಕೇಳಿಸಿತು. ಮೂರು ದಿನ ಕಾಣದಿದ್ದ ಜನ ಬರಿಗಾಲಲ್ಲಿ ಹೊರಬಂದು, ತೋಳು ಚಾಚಿ, ಹುಲ್ಲಿನ ಮೇಲೆ ಸುಮ್ಮನೆ ನಿಂತರು. ಒಂದು ಮನೆಯವರು ಪರಿಚಯವಿಲ್ಲದ ನನಗೂ ಕೈಬೀಸಿದರು. ಹಿತ್ತಲಲ್ಲಿ ಕಸದ ಡಬ್ಬಿಯ ಚಕ್ರ ಉರುಳಿದ ಸದ್ದಾಯಿತು, ‘ಅತ್ತೆ, ಬಾ!’ ಎಂದು ತಮ್ಮನ ಮಗಳ ಕೂಗು.

ನಾನು ಏಳಲಿಲ್ಲ. ನ್ಯಾನ್ ಫೋನು ಎತ್ತಿ ಕಿವಿಗಿಟ್ಟುಕೊಂಡಿದ್ದರು.

‘ಇಲ್ಲಿಗೆ ಬಂತು’ ಎಂದರು. ‘ಅಲ್ಲಿ? ... ಇನ್ನೂ ಇಲ್ಲವೇ? ... ಹೊಗೆ? ... ಸರಿ. ಇರುತ್ತೇನೆ, ಇಡಬೇಡ.’

ಇಬ್ಬರೂ ಮಾತಾಡುತ್ತಿರಲಿಲ್ಲ. ಬೆಟ್ಟಕ್ಕೆ ಗಾಳಿ ತಲುಪುವವರೆಗೆ ಫೋನು ಹಿಡಿದು ಕೂತಿದ್ದರು. ನಾನೂ ಕೂತಿದ್ದೆ. ಎಷ್ಟು ಹೊತ್ತಾಯಿತೋ, ಅವರ ಭುಜ ಸಡಿಲವಾಯಿತು. ನನ್ನ ಕಡೆ ತಿರುಗಿ ತಲೆಯಾಡಿಸಿ, ತಂಗಿಗೆ ‘ಕಿಟಕಿ ತೆರೆ’ ಎಂದರು.