ಹದಿನಾಲ್ಕು ಸಲ

ಒಂದು ಗಂಟೆಯ ವ್ಯಾಯಾಮದಲ್ಲಿ ಲೆಗ್ಗಿಂಗ್ಸನ್ನು ಎಷ್ಟು ಸಲ ಮೇಲೆಳೆದುಕೊಳ್ಳುತ್ತೇನೆ ಅಂತ ಒಂದು ದಿನ ಎಣಿಸಿದೆ. 14 ಸಲ.

ಎಣಿಸುವ ಹಾಗೆ ಮಾಡಿದವಳು ತಂಗಿ. ಪಕ್ಕದಲ್ಲಿ ಮ್ಯಾಟ್ ಹಾಸಿಕೊಂಡು ಕಾಲು ಚಾಚುತ್ತಿದ್ದವಳು, "ಅಕ್ಕಾ, ನೀನು ಎದ್ದಾಗಲೆಲ್ಲ ಕೈ ಸೊಂಟಕ್ಕೇ ಹೋಗುತ್ತೆ, ಗೊತ್ತಾ?" ಅಂದಳು. ನನಗೆ ಗೊತ್ತಿರಲಿಲ್ಲ. ಸ್ಕ್ವಾಟ್ ಮಾಡಿ ಎದ್ದರೆ ಒಂದು ಸಲ, ಹಗ್ಗದಾಟ ಮುಗಿದರೆ ಒಂದು ಸಲ, ನೀರು ಕುಡಿಯಲು ಬಗ್ಗಿ ಎದ್ದರೆ ಮತ್ತೊಂದು ಸಲ. ಕೈ ತಾನಾಗಿಯೇ ಹೋಗುತ್ತಿತ್ತು. ಉಸಿರು ಎಣಿಸಬೇಕಾದ ಹೊತ್ತಿನಲ್ಲಿ ನನ್ನ ಅರ್ಧ ಗಮನ ಸೊಂಟದ ಮೇಲಿರುತ್ತಿತ್ತು.

ಆವರೆಗೆ ನಾನು ಹಾಕುತ್ತಿದ್ದದ್ದು ಮೂರರ ಕಟ್ಟಿನಲ್ಲಿ ಬರುವ ಅಗ್ಗದ ಲೆಗ್ಗಿಂಗ್ಸ್. ಬೆವರಿನ ಬಟ್ಟೆಗೆ ಯಾಕೆ ಜಾಸ್ತಿ ದುಡ್ಡು ಅನ್ನುವುದು ನನ್ನ ಲೆಕ್ಕ. ಮದುವೆ ಮನೆಗೆ ಹಾಕುವ ಬಟ್ಟೆಗೆ ಹಿಂದೆಮುಂದೆ ನೋಡದೆ ಕೊಡುತ್ತೇವೆ. ಅದನ್ನು ವರ್ಷಕ್ಕೆ ಎರಡು ಸಲ ಹಾಕಿದರೆ ಹೆಚ್ಚು. ವಾರಕ್ಕೆ ನಾಲ್ಕು ದಿನ ಮೈಗೆ ಅಂಟಿಕೊಂಡೇ ಇರುವ ಬಟ್ಟೆಯ ಬಗ್ಗೆ ಮಾತ್ರ ಯೋಚನೆಯೇ ಇರಲಿಲ್ಲ. ಆ 14ರ ಲೆಕ್ಕ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಎರಡು ತಿಂಗಳು ದುಡ್ಡು ಕೂಡಿಟ್ಟೆ. ಒಂದು ಮಧ್ಯಾಹ್ನ ತಂಗಿಯನ್ನು ಕರೆದುಕೊಂಡು ಅಂಗಡಿಗೆ ಹೋದೆ.

ಅಲ್ಲಿದ್ದ ಒಂದು ಲೆಗ್ಗಿಂಗ್ಸ್‌ನ ಬೆಲೆಗೆ ನನ್ನ ಹಳೆಯವು ಏಳು ಬರುತ್ತಿದ್ದವು. ಅಷ್ಟು ದುಬಾರಿ. ಹಾಗಾಗಿ ಮೊದಲು ಲೇಬಲ್ ಓದಿದೆ. ನನ್ನ ಹಳೆಯದರಲ್ಲಿ ಶೇಕಡಾ ಪಾಲಿಯೆಸ್ಟರ್ 92, ಸ್ಪ್ಯಾಂಡೆಕ್ಸ್ 8. ಇದರಲ್ಲಿ ನೈಲಾನ್ 77, ಎಲಾಸ್ಟೇನ್ 23. ಹೆಸರು ಬೇರೆಯಾದರೂ ಸ್ಪ್ಯಾಂಡೆಕ್ಸ್, ಎಲಾಸ್ಟೇನ್ ಎರಡೂ ಒಂದೇ. ಲೈಕ್ರಾ ಅನ್ನುವುದು ಅದರದೇ ಒಂದು ಬ್ರ್ಯಾಂಡ್ ಹೆಸರು. 1958ರಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಈ ಎಳೆಯನ್ನು ಮಾಡಿದರು. ಆಗ ಹೆಂಗಸರು ಉಡುಪಿನ ಒಳಗೆ ಹಾಕುತ್ತಿದ್ದ ಬಿಗಿ ಪಟ್ಟಿಗಳಲ್ಲಿ ರಬ್ಬರ್ ಇರುತ್ತಿತ್ತು, ಅದಕ್ಕೆ ಬದಲಿ ಹುಡುಕುತ್ತಿದ್ದರು. ಇಂಗ್ಲಿಷಿನ 'ಎಕ್ಸ್‌ಪ್ಯಾಂಡ್ಸ್' (ಹಿಗ್ಗುತ್ತದೆ) ಪದದ ಅಕ್ಷರಗಳನ್ನೇ ಹಿಂದೆಮುಂದೆ ಮಾಡಿ ಸ್ಪ್ಯಾಂಡೆಕ್ಸ್ ಅಂತ ಹೆಸರಿಟ್ಟರು. ಹೆಸರಿಗೆ ತಕ್ಕ ಹಾಗೆ ಈ ಎಳೆ ತನ್ನ ಉದ್ದದ ಐದು ಪಟ್ಟು ಹಿಗ್ಗಿ ಮತ್ತೆ ಮೊದಲಿನಷ್ಟಕ್ಕೇ ಬರುತ್ತದೆ. ಹಳೆಯದರಲ್ಲಿ ಎಂಟು, ಇದರಲ್ಲಿ ಇಪ್ಪತ್ತಮೂರು. ಮಂಡಿಯ ಹತ್ತಿರ ನನ್ನ ಹಳೆಯವು ಯಾಕೆ ಜೋಳಿಗೆಯಂತೆ ಸಡಿಲವಾಗಿದ್ದವು ಅಂತ ಅರ್ಥವಾಯಿತು.

ಅಂಗಡಿಯ ಹುಡುಗಿ ಎರಡು ಬಗೆ ತೋರಿಸಿದಳು. ಒಂದು ತುಂಬ ಮೆತ್ತಗೆ. ಬಟ್ಟೆಯ ಮೇಲ್ಮೈಯನ್ನು ಬ್ರಷ್‌ನಿಂದ ಉಜ್ಜಿ ನವಿರಾದ ಎಳೆಗಳನ್ನು ಎಬ್ಬಿಸಿರುತ್ತಾರೆ, ಮುಟ್ಟಿದರೆ ಎಳೆಗೂಸಿನ ಕೆನ್ನೆ ಸವರಿದ ಹಾಗಿತ್ತು. ಇನ್ನೊಂದು ನುಣ್ಣಗೆ, ಸ್ವಲ್ಪ ಗಟ್ಟಿ, ಬೆಳಕಿಗೆ ಮಿರುಗುತ್ತಿತ್ತು. ಎರಡನ್ನೂ ತೆಗೆದುಕೊಂಡು ಟ್ರಯಲ್ ರೂಮ್‌ಗೆ ಹೋದೆ.

ಮೆತ್ತನೆಯದನ್ನು ಮೊದಲು ಹಾಕಿದೆ. ಹಾಕುವಾಗ ಕಾಲುಚೀಲದಂತೆ ಸುರುಳಿ ಮಾಡಿ ಪಾದದಿಂದ ಮೇಲಕ್ಕೆ ಬಿಚ್ಚುತ್ತಾ ಬರಬೇಕು. ಸೊಂಟ ಹಿಡಿದು ಎಳೆದರೆ ಹೊಲಿಗೆ ಸೋಲುತ್ತದೆ. ಮಂಡಿ ದಾಟಿತು, ತೊಡೆ ದಾಟಿತು, ಹೊಕ್ಕುಳಿನ ಮೇಲೆ ಬಂದು ನಿಂತಿತು. ನಿಜವಾಗಿ ಹೇಳುತ್ತೇನೆ, ಆ ಕ್ಷಣ ನನಗೆ ಬಹಳ ಸಂತೋಷವಾಯಿತು. ಎಲ್ಲೂ ಹಿಡಿಯುತ್ತಿಲ್ಲ, ಎಲ್ಲೂ ಬಿಡುತ್ತಿಲ್ಲ. ಯಾರೋ ಎರಡೂ ಕೈಯಲ್ಲಿ ಸೊಂಟವನ್ನು ಮೆಲ್ಲಗೆ ಹಿಡಿದುಕೊಂಡ ಹಾಗೆ. ನನ್ನ ತೊಡೆ ದಪ್ಪ, ಸೊಂಟ ಸಣ್ಣ. ತೊಡೆಗೆ ಸರಿಯಾದದ್ದು ಸೊಂಟಕ್ಕೆ ಸಡಿಲ, ಸೊಂಟಕ್ಕೆ ಸರಿಯಾದದ್ದು ತೊಡೆಗೆ ಹತ್ತುವುದೇ ಇಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಎರಡಕ್ಕೂ ಒಪ್ಪುವ ಬಟ್ಟೆ ಸಿಕ್ಕಿತ್ತು.

ಒಂದು ಸೈಜು ಚಿಕ್ಕದು ತೆಗೆದುಕೊಂಡರೆ ಇನ್ನೂ ಬಿಗಿಯಾಗಿ ನಿಲ್ಲುತ್ತೆ ಅಲ್ವಾ ಅಂತ ಹುಡುಗಿಯನ್ನು ಕೇಳಿದೆ. "ಬೇಡ ಮೇಡಂ. ಚಿಕ್ಕದಾದರೆ ಕೂತಾಗ ಸೊಂಟದ ಪಟ್ಟಿ ಸುರುಳಿ ಸುತ್ತಿಕೊಂಡು ಕೆಳಗೆ ಬರುತ್ತೆ. ನಿಂತು ನೋಡಬೇಡಿ, ಕೂತು ನೋಡಿ, ಬಗ್ಗಿ ನೋಡಿ" ಅಂದಳು. ಒಳ್ಳೆಯ ಮಾತು. ಪೂರ್ತಿ ಕುಕ್ಕರಗಾಲಲ್ಲಿ ಕೂತೆ. ತಂಗಿ ಫೋನಿನ ಟಾರ್ಚ್ ಹಿಡಿದು ಹಿಂದಿನಿಂದ ನೋಡಿದಳು. ಎಲ್ಲೂ ಒಳಗಿನದು ಕಾಣಲಿಲ್ಲ.

ಈ ಪರೀಕ್ಷೆಯನ್ನು ಯಾರೂ ತಪ್ಪಿಸಬಾರದು. ಲೆಗ್ಗಿಂಗ್ಸ್ ಬಟ್ಟೆ ಮಗ್ಗದಲ್ಲಿ ನೇಯ್ದದ್ದಲ್ಲ, ಸ್ವೆಟರ್‌ನಂತೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ಎಳೆದಾಗ ಆ ಕುಣಿಕೆಗಳು ಬಾಯಿ ತೆರೆಯುತ್ತವೆ. ಹೆಣಿಗೆ ತೆಳುವಾಗಿದ್ದರೆ ನಿಂತಾಗ ಕಡುಗಪ್ಪಾಗಿ ಕಂಡದ್ದು ಬಗ್ಗಿದಾಗ ಜಾಲರಿಯಾಗುತ್ತದೆ. ದುಬಾರಿಯಾದ ಮಾತ್ರಕ್ಕೆ ಈ ತೊಂದರೆ ಇರುವುದಿಲ್ಲ ಅನ್ನುವ ಹಾಗೂ ಇಲ್ಲ. 2013ರಲ್ಲಿ ಲುಲುಲೆಮನ್‌ನಂಥ ದೊಡ್ಡ ಹೆಸರಿನ ಕಂಪನಿಯೇ ತೀರ ತೆಳುವಾಗಿವೆ ಅನ್ನುವ ಕಾರಣಕ್ಕೆ ತನ್ನ ಕಪ್ಪು ಯೋಗ ಪ್ಯಾಂಟ್‌ಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದುಕೊಂಡಿತ್ತು.

ನುಣುಪಾದ ಇನ್ನೊಂದನ್ನೂ ಹಾಕಿ ನೋಡಿದೆ. ತಂಗಿಗೆ ಅದೇ ಇಷ್ಟವಾಯಿತು. "ನೀನು ಭಾರ ಎತ್ತುವವಳು ಅಕ್ಕಾ, ಇದು ಗಟ್ಟಿ ಇದೆ, ಇದನ್ನೇ ತಗೋ" ಅಂದಳು. ನನ್ನ ಕೈ ಮಾತ್ರ ಮೆತ್ತನೆಯದನ್ನು ಬಿಡಲೇ ಇಲ್ಲ. ಅದನ್ನೇ ತಂದೆ.

ಮರುದಿನ ಬೆಳಿಗ್ಗೆ ಅಲಾರಂಗೆ ಮೊದಲೇ ಎಚ್ಚರವಾಯಿತು. ಹೊಸ ಲೆಗ್ಗಿಂಗ್ಸ್ ಹಾಕಿಕೊಂಡು ಜಿಮ್‌ಗೆ ಹೋದೆ. ಮೊದಲ ಹತ್ತು ನಿಮಿಷ ಓಟ. ಕೈ ಸೊಂಟಕ್ಕೆ ಹೋಯಿತು, ಅಭ್ಯಾಸಬಲ. ಅಲ್ಲಿ ಎಳೆಯುವುದಕ್ಕೆ ಏನೂ ಇರಲಿಲ್ಲ. ಪಟ್ಟಿ ಎಲ್ಲಿತ್ತೋ ಅಲ್ಲೇ ಇತ್ತು. ಸ್ಕ್ವಾಟ್, ಲಂಜ್, ಪೆಟ್ಟಿಗೆ ಹತ್ತಿ ಇಳಿಯುವುದು, ಎಲ್ಲ ಮುಗಿಯಿತು. ಒಳತೊಡೆಯಲ್ಲಿ ಉರಿ ಇಲ್ಲ. ಹಳೆಯದರಲ್ಲಿ ನಾಲ್ಕು ಹೊಲಿಗೆಗಳು ತೊಡೆ ಸಂದಿಯಲ್ಲಿ ಒಂದೇ ಕಡೆ ಬಂದು ಗಂಟಾಗುತ್ತಿದ್ದವು. ಅರ್ಧ ಗಂಟೆ ಓಡಿದರೆ ಚರ್ಮ ತರಚುತ್ತಿತ್ತು, ಸ್ನಾನ ಮಾಡುವಾಗ ನೀರು ಬಿದ್ದರೆ ಚುರುಗುಟ್ಟುತ್ತಿತ್ತು. ಹೆಣ್ಣುಮಕ್ಕಳು ಇದನ್ನು ಯಾರ ಹತ್ತಿರವೂ ಹೇಳುವುದಿಲ್ಲ, ಸುಮ್ನೆ ಸಹಿಸಿಕೊಳ್ಳುತ್ತೇವೆ. ಈ ಹೊಸದರಲ್ಲಿ ಆ ಜಾಗಕ್ಕೆ ವಜ್ರದಾಕಾರದ ಬೇರೆಯೇ ತುಂಡು ಕೂರಿಸಿದ್ದರು. ಗಸೆಟ್ ಅನ್ನುತ್ತಾರೆ. ಹೊಲಿಗೆಗಳು ಒಂದೆಡೆ ಸೇರದೆ ಸುತ್ತ ಹರಡಿಕೊಳ್ಳುತ್ತವೆ, ಕಾಲು ಅಗಲಿಸಿದಾಗ ಬಟ್ಟೆಗೆ ಜಾಗವೂ ಸಿಗುತ್ತದೆ. ಹೊಲಿಗೆಯೂ ಫ್ಲಾಟ್‌ಲಾಕ್. ಎರಡು ಅಂಚುಗಳನ್ನು ಚಪ್ಪಟೆಯಾಗಿ ಸೇರಿಸಿ ಹೊಲಿಯುವುದರಿಂದ ಒಳಗೆ ದಿಂಡು ಏಳುವುದಿಲ್ಲ. ಅಂಗೈ ಅಗಲದ ಆ ತುಂಡಿಗಾಗಿಯೇ ನಾನು ದುಡ್ಡು ಕೊಡಲು ಸಿದ್ಧ.

ಬೆವರಿನ ವಿಷಯದಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹತ್ತಿ ಬಟ್ಟೆಗಿಂತ ಎರಡೂ ಎಷ್ಟೋ ಮೇಲು. ಗಾಳಿಯ ತೇವವನ್ನು ಹತ್ತಿ ತನ್ನ ತೂಕದ ಸುಮಾರು 8.5 ಶೇಕಡಾ ಹೀರಿಕೊಂಡರೆ ನೈಲಾನ್ 4ರಷ್ಟು, ಪಾಲಿಯೆಸ್ಟರ್ ಅರ್ಧ ಶೇಕಡಾಕ್ಕಿಂತ ಕಡಿಮೆ. ಹಾಗಾಗಿ ಬೇಗ ಒಣಗುವುದರಲ್ಲಿ ನನ್ನ ಹಳೆಯ ಅಗ್ಗದ ಬಟ್ಟೆಯೇ ಮುಂದು. ಆದರೆ ಪಾಲಿಯೆಸ್ಟರ್ ಮೈಯ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಗೆದು ಒಣಗಿಸಿದ ಮೇಲೂ ಒಂದು ವಾಸನೆ ಉಳಿಯುತ್ತಿದ್ದದ್ದು ಅದಕ್ಕೇ.

ಕೊನೆಗೆ ಡೆಡ್‌ಲಿಫ್ಟ್. ನೆಲದ ಮೇಲಿನ ಬಾರ್ ಹಿಡಿದು ಮೈಗೆ ಒತ್ತಿಕೊಂಡೇ ಮೇಲಕ್ಕೆ ತರಬೇಕು. ದೂರ ಹೋದರೆ ಬೆನ್ನಿಗೆ ಹೊರೆ. ಕೈ ಜಾರದಿರಲಿ ಅಂತ ಬಾರ್ ಮೇಲೆ ಅರದ ಹಾಗೆ ಒರಟು ಗೆರೆ ಕೊರೆದಿರುತ್ತಾರೆ. ಐದೈದರ ಮೂರು ಸುತ್ತು ಎತ್ತಿದೆ. ಭಾರ ಹಗುರವಾಗಿ ಬಂತು, ಆ ದಿನ ಎಲ್ಲವೂ ಹಗುರವಾಗಿಯೇ ಇತ್ತು. ಬಾರ್ ಇಳಿಸಿ ಕೆಳಗೆ ನೋಡಿದರೆ ಎರಡೂ ತೊಡೆಯ ಮೇಲೆ ಬಟ್ಟೆ ಜುಂಗು ಜುಂಗಾಗಿತ್ತು. ಒಂದು ಕಡೆ ಎಳೆ ಕಿತ್ತು ಸಣ್ಣ ಕುಣಿಕೆ ಹೊರಗೆ ಬಂದಿತ್ತು.

ನನಗೆ ಅಳು ಬರುವಷ್ಟು ಬೇಜಾರಾಯಿತು. ಎರಡು ತಿಂಗಳು ಕೂಡಿಟ್ಟ ದುಡ್ಡು, ಒಂದೇ ಬೆಳಗಿಗೆ ಹೀಗೆ. ಮನೆಗೆ ಬಂದು ಅದನ್ನು ಮಂಚದ ಮೇಲೆ ಹರಡಿ ಬೆರಳಿನಿಂದ ಸವರುತ್ತಾ ಕೂತೆ. ತಂಗಿ "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಸೂಜಿ ತಂದಳು. ಹೊರಬಂದ ಕುಣಿಕೆಯನ್ನು ಕತ್ತರಿಸಲು ಬಿಡದೆ ಸೂಜಿಯ ಮೊನೆಯಿಂದ ಒಳಕ್ಕೆ ಎಳೆದು ಕೂರಿಸಿದಳು. ಕತ್ತರಿಸಿದ್ದರೆ ಅಲ್ಲಿಂದ ತೂತು ಬೀಳುತ್ತಿತ್ತು.

ಬ್ರಷ್ ಮಾಡಿ ಎಬ್ಬಿಸಿದ ಎಳೆಗಳು ಅಷ್ಟು ಮೆತ್ತಗಿರುವುದೇ ಸಡಿಲವಾಗಿ ನಿಂತಿರುವುದರಿಂದ. ಉಜ್ಜಿದ ಕಡೆ ಅವು ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗುತ್ತವೆ. ನೆಲದ ಮೇಲೆ ಮಾಡುವ ಯೋಗಕ್ಕೆ, ಮೈ ಸಡಿಲಿಸುವ ದಿನಕ್ಕೆ ಆ ಬಟ್ಟೆ. ಕಬ್ಬಿಣಕ್ಕೆ ಉಜ್ಜುವ ನನ್ನಂಥವರಿಗೆ ಆ ನುಣುಪಾದದ್ದೇ ಸರಿಯಿತ್ತು. ಎರಡರ ಬೆಲೆಯೂ ಒಂದೇ. ಅಂಗಡಿಯಲ್ಲಿ ನಾನು ಏನು ವ್ಯಾಯಾಮ ಮಾಡುತ್ತೇನೆ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ಅದನ್ನು ಭಾರ ಎತ್ತುವ ದಿನ ಹಾಕುವುದಿಲ್ಲ. ಒಳಹೊರಗು ತಿರುಗಿಸಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸುತ್ತೇನೆ. ಬಿಸಿಗಾಳಿಯ ಡ್ರೈಯರ್ ಎಲಾಸ್ಟೇನನ್ನು ಹಾಳು ಮಾಡುತ್ತದೆ, ಬ್ಲೀಚಿನ ಕ್ಲೋರಿನ್ನೂ ಹಾಗೇ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ದ್ರಾವಣ ಎಳೆಗಳ ಮೇಲೆ ಪದರ ಕಟ್ಟಿ ಬೆವರು ಹರಡದ ಹಾಗೆ ಮಾಡುತ್ತದೆ. ಅದನ್ನೂ ಬಿಟ್ಟೆ.

ಹಾಗಾದರೆ ಭಾರ ಎತ್ತುವ ದಿನಕ್ಕೆ ಏನು? ಮತ್ತೊಂದು ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಸೊಂಟದ ಭಾಗ ನೋಡಿದೆವು. ಹಳೆಯದರಲ್ಲಿ ಎರಡು ಬೆರಳು ಅಗಲದ ಎಲಾಸ್ಟಿಕ್ಕನ್ನು ಬಟ್ಟೆ ಮಡಚಿ ಒಳಗೆ ತೂರಿಸಿದ್ದರು, ಅಷ್ಟೇ. ಎಲ್ಲ ಹಿಡಿತವೂ ಆ ಒಂದು ಗೆರೆಯ ಮೇಲೆ. ಹೊಸದರ ಪಟ್ಟಿ ಅಂಗೈಯಷ್ಟು ಅಗಲ, ಎರಡು ಪದರ, ಮೇಲಂಚು ಕೆಳಗಿನ ಅಂಚಿಗಿಂತ ಸ್ವಲ್ಪ ಚಿಕ್ಕದು. ಸೊಂಟ ಇರುವ ಆಕಾರಕ್ಕೇ ಕತ್ತರಿಸಿದ್ದರು. ಹಿಂಭಾಗ ಮುಂಭಾಗಕ್ಕಿಂತ ಎತ್ತರ, ಬಗ್ಗಿದಾಗ ಬೆನ್ನು ಕಾಣದ ಹಾಗೆ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಅಚ್ಚುಕಟ್ಟಾದ ಕತ್ತರಿ ಕೆಲಸ.

"ಇದನ್ನು ನಾವೇ ಹೊಲಿಯಬಹುದಲ್ಲ ಅಕ್ಕಾ" ಅಂದಳು ತಂಗಿ.

ಮಂಡಿ ಹರಿದು ಮೂಲೆ ಸೇರಿದ್ದ ಇನ್ನೊಂದು ಲೆಗ್ಗಿಂಗ್ಸ್ ಇತ್ತು. ಅದರ ತೊಡೆಯ ಭಾಗ ಇನ್ನೂ ಗಟ್ಟಿಯಾಗಿತ್ತು. ಪೇಪರ್ ಮೇಲೆ ಹೊಸದರ ಪಟ್ಟಿಯ ಅಳತೆ ಬರೆದುಕೊಂಡು ಅದರಿಂದ ಎರಡು ಪದರ ಕತ್ತರಿಸಿದೆವು. ಹಳೆಯ ಎಲಾಸ್ಟಿಕ್ ಬಿಚ್ಚಿದೆವು. ಮೊದಲ ಸಲ ನೇರ ಹೊಲಿಗೆ ಹಾಕಿ ಎಳೆದು ನೋಡಿದರೆ ದಾರ ಪಟಪಟ ಹರಿಯಿತು. ಬಟ್ಟೆ ಹಿಗ್ಗುತ್ತದೆ, ನೇರ ಹೊಲಿಗೆ ಹಿಗ್ಗುವುದಿಲ್ಲ. ಬಿಚ್ಚಿ, ಜಿಗ್‌ಜಾಗ್ ಹೊಲಿಗೆ ಇಟ್ಟೆವು. ಸೂಜಿಯನ್ನೂ ಬದಲಾಯಿಸಿದೆವು. ಹೆಣೆದ ಬಟ್ಟೆಗೆ ಮೊನೆ ಮೊಂಡಾದ ಸೂಜಿ ಬೇಕು, ಚೂಪಾದದ್ದು ಎಳೆಯನ್ನೇ ಕತ್ತರಿಸುತ್ತದೆ. ಒಂದು ಸಂಜೆ ಪೂರ್ತಿ ಹಿಡಿಯಿತು. ಪಟ್ಟಿ ಎಡಕ್ಕೆ ಸ್ವಲ್ಪ ಓರೆ ಬಂದಿದೆ, ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಮರುದಿನ ಡೆಡ್‌ಲಿಫ್ಟ್ ಇತ್ತು. ಅದನ್ನೇ ಹಾಕಿಕೊಂಡು ಹೋದೆ. ದುಬಾರಿಯದರ ಹಾಗೆ ಇತ್ತು ಅಂತ ಹೇಳಲಾರೆ. ತೊಡೆ ಸಂದಿಯ ಗಂಟು ಹಾಗೇ ಇದೆ, ಮಂಡಿಯ ಜೋಳಿಗೆಯೂ ಹಾಗೇ. ಬಾರ್ ಉಜ್ಜಿದರೂ ಬಟ್ಟೆಗೆ ಏನೂ ಆಗಲಿಲ್ಲ. ಎಣಿಸಬೇಕು ಅಂದುಕೊಂಡಿದ್ದೆ, ಎರಡನೇ ಸುತ್ತಿನ ಹೊತ್ತಿಗೆ ಮರೆತೇಹೋಯಿತು. ಕೊನೆಯ ಸಲ ಬಾರ್ ಇಳಿಸಿ ತಂಗಿಯ ಕಡೆ ತಿರುಗಿದೆ. ಅವಳು ಮ್ಯಾಟ್ ಮೇಲೆ ಮಲಗಿಕೊಂಡೇ ಕೈ ಎತ್ತಿ ಐದೂ ಬೆರಳು ಬಿಡಿಸಿ ತೋರಿಸಿದಳು.