ಕಾರ್ಡಿನ ಹಿಂಬದಿ

ಸುಂಟಿಕೊಪ್ಪ, 19 ಜುಲೈ 2025, ಶನಿವಾರ

ಗುರುವಾರ ರಾತ್ರಿ ಅಡುಗೆಮನೆಯ ಕಿಟಕಿಯ ದಂಡೆಯ ಮೇಲೆ ಸಾಲಾಗಿ ಇಟ್ಟಿದ್ದ ಐದು ಮಾದರಿ ವಿಸಿಟಿಂಗ್ ಕಾರ್ಡುಗಳಲ್ಲಿ ಎರಡು, ಇಂದು ಬೆಳಿಗ್ಗೆ ನೋಡುವಾಗ ಬಾಡಿದ ವೀಳ್ಯದೆಲೆಯಂತೆ ಅಂಚು ಮೇಲೆತ್ತಿಕೊಂಡಿದ್ದವು. ಕಕ್ಕಡ ಎಂಬ ಕೊಡವ ತಿಂಗಳ ಜೋರು ಮಳೆಯಲ್ಲಿ ಉಪ್ಪಿನ ಡಬ್ಬಿಯೇ ನೀರಾಗುವ ಮನೆ ನಮ್ಮದು. ಕಾಗದಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೆಲ್ಲಿಯೂ ಸಿಗಲಾರದು ಎಂದುಕೊಂಡೇ ಇಟ್ಟಿದ್ದೆ. ನಮ್ಮ ಕಾಫಿಪುಡಿ ಮತ್ತು ಕಾಚಂಪುಳಿ (ಪಣಪುಳಿ ಹಣ್ಣಿನ ರಸ ಕುದಿಸಿ ಮಾಡುವ ಹುಳಿ) ವ್ಯಾಪಾರಕ್ಕೆ ಹೊಸ ಕಾರ್ಡು ಮಾಡಿಸಲು, ಐದನ್ನೂ ಚೀಲಕ್ಕೆ ಹಾಕಿಕೊಂಡು ಕುಶಾಲನಗರದ ಪ್ರೆಸ್ಸಿಗೆ ಬಸ್ಸು ಹತ್ತಿದೆ.

ಕಳೆದ ವರ್ಷದ ಪೆಟ್ಟು ಇನ್ನೂ ಮರೆತಿಲ್ಲ. ಅಗ್ಗವಾಗಿ ಸಿಗುತ್ತದೆಂದು ಆನ್‌ಲೈನಿನಲ್ಲಿ ಒಂದು ಕಡೆಯಿಂದ 1,100 ರೂಪಾಯಿಗೆ 1,000 ಕಾರ್ಡು ತರಿಸಿದ್ದೆ. ಕಟ್ಟು ಬಿಚ್ಚಿದಾಗ ನಮ್ಮ ಊರಿನ ಹೆಸರು ‘ಸುಂಟಿಕೊಪ್‌ಪ’ ಎಂದಾಗಿತ್ತು. ‘ರಸ್ತೆ’ ಎಂಬ ಪದ ‘ರಸ್‌ತೆ’ ಎಂದಾಗಿತ್ತು. ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತಿದ್ದ ಒತ್ತಕ್ಷರಗಳು ಮುದ್ರಣದಲ್ಲಿ ಕಳಚಿ ಬಿದ್ದಿದ್ದವು. ಅವುಗಳಲ್ಲಿ ಹೆಚ್ಚೆಂದರೆ ಅರವತ್ತು ಕಾರ್ಡುಗಳನ್ನು ಸಂಕೋಚದಿಂದ ಕೊಟ್ಟಿರಬಹುದು. ಕಾರ್ಡೊಂದಕ್ಕೆ ಒಂದು ರೂಪಾಯಿ ಹತ್ತು ಪೈಸೆ ಎಂದು ಹಿಗ್ಗಿದ್ದೆ. ಕೊಟ್ಟ ಕಾರ್ಡುಗಳ ಲೆಕ್ಕ ಹಿಡಿದರೆ ಒಂದೊಂದಕ್ಕೂ ಹದಿನೆಂಟು ರೂಪಾಯಿ ಬಿದ್ದಿದೆ. ಉಳಿದ ಕಟ್ಟು ಇಂದಿಗೂ ಕಪಾಟಿನ ಮೇಲಿದೆ.

ಪ್ರೆಸ್ಸಿನ ಅಣ್ಣ ಆ ಹಳೆಯ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. “ಇದು ಕಾಗದದ ತಪ್ಪಲ್ಲಮ್ಮಾ. ಅವರ ಸಾಫ್ಟ್‌ವೇರಿಗೆ ಕನ್ನಡ ಜೋಡಿಸಲು ಬಂದಿಲ್ಲ. ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಚಿತ್ರದಂತೆ ಗಟ್ಟಿ ಮಾಡಿ ಕಳುಹಿಸಿದ್ದರೆ ಹೀಗೆ ಆಗುತ್ತಿರಲಿಲ್ಲ” ಎಂದರು. ಕಾಫಿ ಬಣ್ಣದ ಹಿನ್ನೆಲೆಯ ಮೇಲೆ ಕೆನೆ ಬಣ್ಣದ ಸಣ್ಣ ಅಕ್ಷರಗಳನ್ನು ಇಟ್ಟದ್ದೂ ತಪ್ಪೇ ಎಂದು ಅವರ ಭೂತಗನ್ನಡಿಯಲ್ಲಿ ನನಗೇ ತೋರಿಸಿದರು. ಆ ಕಂದು ಬಣ್ಣವು ನೀಲಿ, ಕೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಚುಕ್ಕೆಗಳಿಂದ ಆದದ್ದು. ನಾಲ್ಕರಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ನಿಜವಾಗಿಯೂ ‘ಪ’ ಒಂದು ಮಸಿಯ ಉಂಡೆಯಾಗಿ ಕಾಣುತ್ತಿತ್ತು. ಬಿಳಿಯ ಮೇಲೆ ಬರಿಯ ಕಪ್ಪು ಶಾಯಿಯ ಅಕ್ಷರ ಇರಲಿ ಎಂದು ಅಲ್ಲಿಯೇ ತೀರ್ಮಾನಿಸಿದೆ.

ಮುರುಟಿದ ಎರಡು ಕಾರ್ಡುಗಳನ್ನು ಮುಂದಿಟ್ಟಾಗ ಅವರು ನಕ್ಕರು. ಅವೆರಡಕ್ಕೂ ಒಂದೇ ಬದಿಗೆ ಲ್ಯಾಮಿನೇಷನ್ ಇತ್ತು. ಪ್ಲಾಸ್ಟಿಕ್ ಪದರವಿರುವ ಬದಿ ತೇವವನ್ನು ಕುಡಿಯುವುದಿಲ್ಲ, ಇನ್ನೊಂದು ಬದಿ ಕುಡಿದು ಹಿಗ್ಗುತ್ತದೆ, ಆಗ ಕಾರ್ಡು ಬಾಗದೆ ಬೇರೆ ದಾರಿಯಿಲ್ಲ. “ನಮ್ಮ ಜಿಲ್ಲೆಯಲ್ಲಿ ಹಾಕಿದರೆ ಎರಡೂ ಬದಿಗೆ ಹಾಕಬೇಕು, ಇಲ್ಲದಿದ್ದರೆ ಹಾಕಲೇಬಾರದು” ಎಂದು ಹೇಳಿ, ಎರಡೂ ಬದಿಗೆ ಮ್ಯಾಟ್ ಲ್ಯಾಮಿನೇಷನ್ ಮಾಡಿದ 350 ಜಿಎಸ್‌ಎಂನ (ಅಂದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ ಕಾಗದದ) ಒಂದು ಕಾರ್ಡನ್ನು ನನ್ನ ಕೈಗಿತ್ತರು. ಸವರಿದರೆ ರೇಷ್ಮೆಯಂತಿತ್ತು. ಅದನ್ನೇ ಮಾಡಿಬಿಡಿ ಎಂದು ಹೇಳುವ ಹಂತಕ್ಕೆ ಬಂದಿದ್ದೆ.

ಆಗ ಅವರು, “ನೀವು ಕಾರ್ಡು ಕೊಟ್ಟಾಗ ಜನ ಅದನ್ನು ಏನು ಮಾಡುತ್ತಾರೆ?” ಎಂದು ಕೇಳಿದರು.

ಇಷ್ಟು ದಿನ ಕಾಗದ, ಬಣ್ಣ, ದರ ಎಂದು ತಲೆ ಕೆಡಿಸಿಕೊಂಡಿದ್ದ ನಾನು ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ನಿನ್ನೆ ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದಾಗ ನಡೆದದ್ದು ನೆನಪಾಯಿತು. ಮೈಸೂರಿನ ಕಡೆಯ ಒಬ್ಬ ಹೆಂಗಸು ಕಾಚಂಪುಳಿಯ ಬಾಟಲಿ ಕೊಂಡು, ಇದನ್ನು ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂದು ಕೇಳಿದರು. ಒಂದು ಕಿಲೋ ಹಂದಿಮಾಂಸಕ್ಕೆ ಒಂದೂವರೆ ದೊಡ್ಡ ಚಮಚ, ಮಾಂಸ ಬೆಂದು ಇಳಿಸುವ ಮೊದಲು ಹಾಕಿ, ಮೊದಲೇ ಹಾಕಬೇಡಿ ಎಂದು ಅವರದೇ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟೆ. ಕಾಫಿಪುಡಿ ಕೊಳ್ಳುವವರಿಗೂ ಹೀಗೆಯೇ, ಚಿಕೋರಿ ಎಷ್ಟು ಬೆರೆಸಿದ್ದೇವೆಂದು ಬರೆದುಕೊಡುತ್ತೇನೆ. ನಾನು ಬರೆದುಕೊಡುವ ವ್ಯಾಪಾರಿ; ನನ್ನ ಕಾರ್ಡಿನಲ್ಲಿ ಬರೆಯಲು ಜಾಗವಿಲ್ಲದಿದ್ದರೆ ಅದು ನನ್ನ ಕಾರ್ಡೇ ಅಲ್ಲ.

ಹಾಗೆಂದು ಹೇಳಿದೆ. ಅವರು ಮಾತನಾಡದೆ ಜೇಬಿನ ಬಾಲ್‌ಪೆನ್ನನ್ನು ತೆಗೆದು ಆ ರೇಷ್ಮೆಯಂತಹ ಕಾರ್ಡಿನ ಮೇಲೆ ಗೆರೆ ಎಳೆದರು. ಶಾಯಿ ಎರಡು ಕಡೆ ಹಿಡಿಯಿತು, ಮೂರು ಕಡೆ ಜಾರಿತು. ಹೆಬ್ಬೆರಳಿನಿಂದ ಒರೆಸಿದಾಗ ಹಿಡಿದದ್ದೂ ಹರಡಿಕೊಂಡಿತು. ಬಳಿಕ ಲೇಪವೂ ಲ್ಯಾಮಿನೇಷನ್ನೂ ಇಲ್ಲದ 300 ಜಿಎಸ್‌ಎಂ ಕಾಗದದ ತುಂಡಿನ ಮೇಲೆ ಬರೆದರು. ಗೆರೆ ಕುಳಿತುಬಿಟ್ಟಿತು. ನಾನು ಕಿಟಕಿಯ ಮೇಲೆ ಇಟ್ಟಿದ್ದ ಐದರಲ್ಲಿ ಅದೇ ಕಾಗದದ್ದೂ ಒಂದಿತ್ತು. ತುಸು ಮೆತ್ತಗಾಗಿದ್ದರೂ ನೆಟ್ಟಗೇ ಉಳಿದಿತ್ತು.

ದರದ ಮಾತು ಬೇಗ ಮುಗಿಯಿತು. ಅಚ್ಚಿನ ಪ್ಲೇಟಿನಿಂದ ಮುದ್ರಿಸುವ ಆಫ್‌ಸೆಟ್‌ನಲ್ಲಿ ಆ ಪ್ಲೇಟು ಮಾಡುವ ಖರ್ಚು ಮೊದಲೇ ಬೀಳುವುದರಿಂದ ಸಾವಿರ ಮಾಡಿಸಿದರೆ ಮಾತ್ರ ಅಗ್ಗ. ಪ್ಲೇಟು ಬೇಡದ ಡಿಜಿಟಲ್‌ನಲ್ಲಿ ಕಾರ್ಡೊಂದಕ್ಕೆ ಎರಡೂವರೆ ರೂಪಾಯಿ ಆದರೂ ಇನ್ನೂರೇ ಮಾಡಿಸಬಹುದು. ಐನೂರು ರೂಪಾಯಿಗೆ ಇನ್ನೂರು ಒಪ್ಪಿಕೊಂಡೆ, ಇವು ಮುಗಿದರೆ ಮತ್ತೆ ಇನ್ನೂರು. ಆಹಾರ ನೋಂದಣಿಯ 14 ಅಂಕಿಗಳ ಸಂಖ್ಯೆಯನ್ನೂ ಸೇರಿಸಬೇಕೆಂದಿದ್ದೆ. ಅದು ಪೊಟ್ಟಣದ ಮೇಲೆ ಇರಬೇಕಾದದ್ದು, ಇಲ್ಲಿ ಜಾಗ ತಿನ್ನಿಸಬೇಡಿ ಎಂದರು. ಕ್ಯೂಆರ್ ಕೋಡ್ ಮುಂಬದಿಯ ಮೂಲೆಯಲ್ಲಿ ಎರಡು ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, ಸುತ್ತ ಬಿಳಿ ಬಿಟ್ಟು. ಹಿಂಬದಿಯಲ್ಲಿ ಮೂರು ತೆಳುವಾದ ಗೆರೆಗಳು ಮಾತ್ರ.

ಕೊನೆಗೆ ಅವರು, “ಹೆಸರು ಯಾರದು ಹಾಕಲಿ?” ಎಂದರು. ಹಳೆಯ ಕಾರ್ಡಿನಲ್ಲಿ ನನ್ನ ಹೆಸರೊಂದೇ ಇತ್ತು. ಮಂಗಳವಾರ ಪ್ರೂಫ್, ಅಂದರೆ ತಿದ್ದಲು ತೆಗೆದ ಮೊದಲ ಪ್ರತಿ, ನೋಡುವಾಗ ಹೇಳುತ್ತೇನೆಂದು ಆ ಸಾಲನ್ನು ಖಾಲಿ ಬಿಟ್ಟು ಬಂದೆ.

ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ಕುಳಿತು ಪಣಪುಳಿಯ ರಸ ಕುದಿಸುತ್ತಿದ್ದರು. ಬೆಳಿಗ್ಗೆ ತಿಳಿಯಾಗಿದ್ದ ರಸ ಆಗಲೇ ಕಪ್ಪಾಗಿ, ಸೌಟಿನಿಂದ ನೂಲಿನಂತೆ ಇಳಿಯುತ್ತಿತ್ತು. ಹದ ನೋಡುವುದು ಅವರಿಗೆ ಮಾತ್ರ ಗೊತ್ತು. ನಾನು ಬರೆದುಕೊಡುವ ಆ ಒಂದೂವರೆ ಚಮಚದ ಅಳತೆಯೂ ಅವರದೇ. ಕಾರ್ಡಿನ ವಿಷಯ ಹೇಳಿದೆ, ಮಾದರಿ ತೋರಿಸಿದೆ. ಕೈಯ ಕಪ್ಪು ತಾಗೀತೆಂದು ಅವರು ಅದನ್ನು ಮುಟ್ಟದೆ, ಬಾಗಿ ನೋಡಿ, “ಚೆನ್ನಾಗಿದೆ, ನಿನ್ನ ಹೆಸರು ಎಲ್ಲಿ?” ಎಂದು ಕೇಳಿದರು. ಅವರ ಹೆಸರನ್ನು ಮೊದಲು ಹಾಕಿಸಬೇಕೆಂದು ಬಸ್ಸಿನಲ್ಲಿಯೇ ನಿಶ್ಚಯಿಸಿದ್ದೆ, ಆದರೆ ಅವರನ್ನು ಕೇಳಿದರೆ ಬೇಡವೆನ್ನುತ್ತಾರೆ, ಕೇಳದೆ ಹಾಕಿಸಿದರೆ…