ಕ್ರೀಮ್ ಪಫ್: ಕೊನೆಗೂ ಕುಸಿಯದೆ ನಿಂತವು

ನಿಂತವು! ಒಳಗೆ ಟೊಳ್ಳಾಗಿ ಉಬ್ಬಿಸಿ ಆಮೇಲೆ ಕ್ರೀಮ್ ತುಂಬೋ ಈ ಪಫ್‌ಗಳನ್ನು ಓವನ್‌ನಿಂದ ತೆಗೆದು ಒಂದು ಗಂಟೆಯ ಮೇಲಾಯ್ತು, ಒಂದೂ ಕುಗ್ಗಿಲ್ಲ. ತಳ ತಟ್ಟಿದರೆ ಟೊಳ್ಳು ಸದ್ದು ಬರುತ್ತಿದೆ. ಮುರಿದು ನೋಡಿದರೆ ಒಳಗೆ ಖಾಲಿ ಜಾಗ, ಗೋಡೆಗೆ ಅಂಟಿದ ಒಂದೆರಡು ಒಣ ಪೊರೆ, ಅಷ್ಟೇ. ಅಮ್ಮನ 60ನೇ ಹುಟ್ಟುಹಬ್ಬಕ್ಕೆ ತಿಂಡಿಯೆಲ್ಲ ಮನೆಯಲ್ಲೇ ಮಾಡೋಣ ಅಂತ ಮಾತಾದಾಗ ನಾನೇ ಕೈಯೆತ್ತಿ ಕೇಳಿ ತೆಗೆದುಕೊಂಡ ಕೆಲಸ ಇದು. ಈಗ ಧೈರ್ಯವಾಗಿ ಹೇಳಬಲ್ಲೆ, ಪಫ್ ಆಗುತ್ತೆ.

ಹಿಟ್ಟು ಕಾಯಿಸುವುದು, ಚೀಲದಿಂದ ಟ್ರೇ ಮೇಲೆ ಹಿಂಡಿ ಪೈಪ್ ಮಾಡುವುದು ನಿಮಗೆಲ್ಲ ಗೊತ್ತಿರೋದೇ, ಅದನ್ನು ಬಿಡ್ತೀನಿ. ಅಳತೆ ಮಾತ್ರ: ನೀರು 250 ಗ್ರಾಂ, ಬೆಣ್ಣೆ 115, ಮೈದಾ 150, ಮೊಟ್ಟೆ 200ರಿಂದ 240ರ ನಡುವೆ, ಚಿಟಿಕೆ ಉಪ್ಪು. ಹಾಲು ಹಾಕಿಲ್ಲ. ಹಾಲು ಹಾಕಿದರೆ ಬಣ್ಣ ಚೆನ್ನಾಗಿ ಬರುತ್ತೆ, ಆದರೆ ಹೊರಪದರ ಮೆತ್ತಗಾಗುತ್ತೆ. ನನಗೆ ಗರಿಗರಿ ಬೇಕು.

ಸತಾಯಿಸಿದ್ದು ಕುಸಿತ. ಓವನ್ ಒಳಗೆ ಇರೋವರೆಗೂ ಉಬ್ಬಿ ಉಬ್ಬಿ ನಿಲ್ಲುತ್ತಿದ್ದವು. ಬಣ್ಣವೂ ಚೆಂದ. ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ನೆತ್ತಿ ಒಳಗೆ ಹೋಗುತ್ತಿತ್ತು. ಯಾರನ್ನು ಕೇಳಿದರೂ ಒಂದೇ ಉತ್ತರ: ನಡುವೆ ಬಾಗಿಲು ತೆಗೆದಿರ್ತೀರಿ. ಇಲ್ಲ, ತೆಗೆದಿಲ್ಲ! ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ, ಬಾಗಿಲು ಮುಟ್ಟಿಲ್ಲ. ಆದರೂ ಕುಸಿಯಿತು.

ಉತ್ತರ ಸಿಕ್ಕಿದ್ದು ಬಿಸಿ ಪಫ್ ಮುರಿದಾಗ. ಹೊರಗೆ ಹೊಂಬಣ್ಣ, ಒಳಗೆ ಹಸಿ ಹಳದಿ ಎಳೆಗಳು. ಬೆರಳಿಗೆ ಅಂಟುತ್ತಿದ್ದವು. ಇನ್ನೂ ಹಬೆಯಾಡುತ್ತಿತ್ತು. ಅಲ್ಲಿಗೆ ವಿಷಯ ಅರ್ಥವಾಯ್ತು. ಈ ಹಿಟ್ಟಿನಲ್ಲಿ ಬೇಕಿಂಗ್ ಪೌಡರ್ ಇಲ್ಲ, ಯೀಸ್ಟ್ ಇಲ್ಲ. ಉಬ್ಬಿಸೋದು ಬರೀ ಹಬೆ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತೆ. ಆ ಒತ್ತಡಕ್ಕೆ ಹಿಟ್ಟು ಹಿಗ್ಗುತ್ತೆ, ಮೊಟ್ಟೆ ಮತ್ತು ಮೈದಾದ ಪಿಷ್ಟ ಸೇರಿ ಗೋಡೆ ಗಟ್ಟಿಯಾಗುತ್ತೆ. ಹೊರಗೆ ತೆಗೆದ ಮೇಲೆ ಹಬೆ ಮತ್ತೆ ನೀರಾಗುತ್ತೆ, ಒಳಗಿನ ಒತ್ತಡ ಇಳಿಯುತ್ತೆ. ಆಗ ಗೋಡೆ ಒಣಗಿದ್ದರೆ ನಿಲ್ಲುತ್ತೆ, ಹಸಿ ಇದ್ದರೆ ಬಾಗುತ್ತೆ. ಬಣ್ಣ ನೋಡಿ ಬೆಂದಿದೆ ಅನ್ನೋಕಾಗಲ್ಲ. ಬಣ್ಣ ಹೊರಗಿನ ಸುದ್ದಿ ಮಾತ್ರ ಹೇಳುತ್ತೆ.

ಹಾಗಾಗಿ ಬಾಗಿಲಿನ ವಿಷಯ ಬಿಟ್ಟು ನೀರಿನ ಬೆನ್ನು ಹತ್ತಿದೆ.

ಮೊದಲು ಒಲೆಯ ಮೇಲಿನ ಹಂತ. ಮೈದಾ ಹಾಕಿ ಕಲಸಿದ ಮೇಲೆ ಪಾತ್ರೆಯ ತಳದಲ್ಲಿ ತೆಳ್ಳಗೆ ಪೊರೆ ಕಟ್ಟೋವರೆಗೆ ಹಿಟ್ಟಿನ ತೇವ ಆರಿಸಬೇಕು ಅಂತಾರಲ್ಲ, ನಾನ್‌ಸ್ಟಿಕ್ ಪಾತ್ರೆಯಲ್ಲಿ ಆ ಪೊರೆ ಸರಿಯಾಗಿ ಕಾಣೋದೇ ಇಲ್ಲ. ಸ್ಟೀಲ್ ಪಾತ್ರೆಗೆ ಬದಲಾಯಿಸಿದೆ. ಜೊತೆಗೆ ಹಿಟ್ಟಿನ ನಡುವೆ ಥರ್ಮಾಮೀಟರ್ ಚುಚ್ಚಿ 75ರಿಂದ 80 ಡಿಗ್ರಿ ಬರೋವರೆಗೆ ಸಣ್ಣ ಉರಿಯಲ್ಲಿ ತಿರುವಿದೆ. ಇನ್ನೂ ನಂಬಿಕೆಯ ಉಪಾಯ ತೂಕ. ಖಾಲಿ ಪಾತ್ರೆಯ ತೂಕ ಗೊತ್ತಿದ್ದರೆ, ಹಿಟ್ಟು ಸಮೇತ ತೂಗಿ ಎಷ್ಟು ನೀರು ಹೋಯಿತು ಅಂತ ಲೆಕ್ಕ ಹಾಕಬಹುದು. ನನ್ನ ಒಲೆಯಲ್ಲಿ 25 ಗ್ರಾಂ ಆಸುಪಾಸು ಹೋದಾಗ ಚೆನ್ನಾಗಿ ಬರುತ್ತಿದೆ. ಅದಕ್ಕಿಂತ ತುಂಬ ಜಾಸ್ತಿ ಆರಿಸಿದರೆ ಬೆಣ್ಣೆ ಬಿಟ್ಟುಕೊಂಡು ಹಿಟ್ಟು ಜಿಡ್ಡು ಜಿಡ್ಡಾಗುತ್ತೆ.

ಆಮೇಲೆ ಮೊಟ್ಟೆ. ದಯವಿಟ್ಟು ಎಣಿಸಬೇಡಿ, ತೂಗಿ. ಒಂದೇ ಟ್ರೇನಲ್ಲಿ ಬಂದ ಮೊಟ್ಟೆಗಳಲ್ಲೂ ಒಂದಕ್ಕೊಂದು ಹತ್ತು ಗ್ರಾಂ ವ್ಯತ್ಯಾಸ ಇರಬಹುದು, ನಾಲ್ಕು ಸೇರಿದರೆ ಅದು ಸಣ್ಣ ವಿಷಯವಲ್ಲ. ಹಿಟ್ಟು 60 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ, ಕದಡಿದ ಮೊಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. 200 ಗ್ರಾಂ ಆದ ಮೇಲೆ ಚಮಚದ ಲೆಕ್ಕ. ಸ್ಪ್ಯಾಚುಲಾ ಎತ್ತಿದಾಗ ಹಿಟ್ಟು ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಇಳಿಬಿದ್ದು, ತುದಿ ಹರಿಯದೆ ನಿಂತರೆ ಸಾಕು. ನಿಲ್ಲಿಸಿಬಿಡಿ, ಮೊಟ್ಟೆ ಮಿಕ್ಕಿದರೆ ಮಿಕ್ಕಲಿ.

ಕೊನೆಯದು ಓವನ್. ಎಲ್ಲ ಬದಲಾಗಿದ್ದು ಇಲ್ಲಿ. ಮೊದಲು 200 ಡಿಗ್ರಿ, ಪೂರ್ತಿ ಉಬ್ಬಿ ಬಣ್ಣ ಬರೋವರೆಗೆ, ಸುಮಾರು 20 ನಿಮಿಷ. ಆಮೇಲೆ 170ಕ್ಕೆ ಇಳಿಸಿ ಇನ್ನೂ 15 ನಿಮಿಷ. ಈಗ ಟ್ರೇ ಹೊರಗೆ ತೆಗೆದು, ಪ್ರತಿ ಪಫ್‌ನ ಪಕ್ಕದಲ್ಲಿ ಟೂತ್‌ಪಿಕ್‌ನಿಂದ ಒಂದು ತೂತು. ಚುಚ್ಚಿದ ಕೂಡಲೇ ಸಣ್ಣ ದಾರದಷ್ಟು ಹಬೆ ಹೊರಗೆ ಬರುತ್ತೆ, ಬೆರಳಿಗೆ ಚುರ್ ಅನ್ನುತ್ತೆ. ಆ ಹಬೆಯೇ ಇಷ್ಟು ದಿನ ಒಳಗೆ ಉಳಿದು ಗೋಡೆಯನ್ನು ನೆನೆಸುತ್ತಿದ್ದದ್ದು. ಮತ್ತೆ ಒಳಗಿಟ್ಟು, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ, ಸಂದು ಬಿಟ್ಟು ಇನ್ನೊಂದು 10 ನಿಮಿಷ. ಬಾಗಿಲು ತೆಗೆಯಲೇಬಾರದು ಅನ್ನೋ ಮಾತು ಅರ್ಧ ಸರಿ. ಗೋಡೆ ಗಟ್ಟಿಯಾಗೋವರೆಗೆ ತೆಗೆಯಬಾರದು, ಆಮೇಲೆ ತೆಗೆಯಲೇಬೇಕು.

ಓವನ್‌ನ ಗುಂಡಿ ತೋರಿಸೋ ಸಂಖ್ಯೆ ನಂಬಬೇಡಿ ಅಂತ ನಿಮಗೆ ಹೇಳಬೇಕಿಲ್ಲ. ನನ್ನದು 200 ಅಂದರೆ ಒಳಗಿನ ಥರ್ಮಾಮೀಟರ್ 185 ಅನ್ನುತ್ತೆ.

ಇನ್ನು ಸಾಮಾನು ಕಳಿಸೋರ ವಿಷಯ. ಪಫ್‌ನ ತಳ ಒಳಗೆ ಕುಳಿಯಾಗಬಾರದು ಅಂತ ಸಣ್ಣ ತೂತುಗಳಿರೋ ಸಿಲಿಕೋನ್ ಮ್ಯಾಟ್ ತರಿಸಿದೆ. ಬಂದದ್ದು ತೂತಿಲ್ಲದ ಮ್ಯಾಟ್. ಕೇಳಿದರೆ, "ಮೇಡಂ, ತೂತು ಬಹಳ ಸಣ್ಣದು, ಬೆಳಕಿಗೆ ಹಿಡಿದು ನೋಡಿ" ಅಂದರು. ಹಿಡಿದೆ. ಕಿಟಕಿಯ ಮುಂದೆ, ಟಾರ್ಚ್ ಮುಂದೆ, ಎಲ್ಲ ಕಡೆ. ಬೆಳಕು ಬರಲಿಲ್ಲ, ದುಡ್ಡೂ ವಾಪಸ್ ಬಂದಿಲ್ಲ. 12 ಮಿಲಿಮೀಟರ್ ಅಂತ ಕೊಟ್ಟ, ಹಿಟ್ಟು ಹಿಂಡೋ ನಾಜಲ್ ಅಳೆದರೆ 9. ಮೈದಾ ಪ್ಯಾಕೆಟ್ ಮೇಲೆ ಪ್ರೋಟೀನ್ ಎಷ್ಟು ಅನ್ನೋ ಸಾಲು ಮಡಿಕೆಯೊಳಗೆ ಸೇರಿಕೊಂಡು ಅಳಿಸಿಹೋಗಿದೆ. ಬೇಕ್ ಮಾಡೋರಿಗೆ ಬೇಕಾದ ಸಾಲೇ ಅದು ಅಲ್ವಾ? ಈಗ ಸುಮ್ನೆ ಬಟರ್ ಪೇಪರ್ ಮೇಲೆ ಮಾಡ್ತಿದ್ದೀನಿ, ತಳ ಸ್ವಲ್ಪ ಕುಳಿಯಾದರೂ ತೊಂದರೆಯಿಲ್ಲ, ಕ್ರೀಮ್ ಅಲ್ಲಿಂದಲೇ ತುಂಬೋದು.

ಕುಸಿದ ಪಫ್ ಒಂದೂ ವ್ಯರ್ಥವಾಗಿಲ್ಲ. ಅಣ್ಣನ ಮಗ ಆ ಕುಳಿಗೆ ಜಾಮ್ ತುಂಬಿ ತಿಂದು ಮುಗಿಸಿದ. ಇವತ್ತು ನೆಟ್ಟಗೆ ನಿಂತ ಪಫ್ ನೋಡಿ ಮುಖ ಸಣ್ಣ ಮಾಡಿಕೊಂಡು, "ಅತ್ತೆ, ಇದರಲ್ಲಿ ಜಾಮ್ ಹಾಕೋ ಜಾಗ ಎಲ್ಲಿದೆ?" ಅಂದ. ಮುರಿದು ತೋರಿಸಿದೆ. ಒಳಗಿನ ಜಾಗ ನೋಡಿ ಅವನ ಅಭಿಪ್ರಾಯ ಬದಲಾಯ್ತು.

ಅಂದಹಾಗೆ, ಮುಂದಿನದು ತಲೆಗೆ ಬಂದುಬಿಟ್ಟಿದೆ. ಪಫ್‌ಗಳ ಗೋಪುರ! ಒಂದೊಂದನ್ನೂ ಕ್ಯಾರಮೆಲ್‌ನಲ್ಲಿ ಅದ್ದಿ ಅಂಟಿಸುತ್ತಾ ಕೋನ್ ಆಕಾರಕ್ಕೆ ಏರಿಸೋದು. ಸಕ್ಕರೆ 160 ಡಿಗ್ರಿ ದಾಟಿಸಬೇಕು, ಕೈ ಸುಟ್ಟುಕೊಳ್ಳದೆ ಬೇಗ ಬೇಗ ಕಟ್ಟಬೇಕು. ಹೆದರಿಕೆ ಇರೋದು ಗಾಳಿಯ ತೇವಕ್ಕೆ. ಕ್ಯಾರಮೆಲ್ ತೇವ ಎಳೆದುಕೊಂಡು ಅಂಟಂಟಾದರೆ ಗೋಪುರ ಜಾರಿಬಿಡುತ್ತೆ. ಹುಟ್ಟುಹಬ್ಬಕ್ಕೆ ಅದು ಬೇಡ ಅಂತ ಅತ್ತಿಗೆ ಕಡ್ಡಿ ಮುರಿದಂತೆ ಹೇಳಿದ್ದಾರೆ. ಸರಿ, ಆ ದಿನ ಕಳೀಲಿ. ಸಿಹಿ ಬೇಡ ಅನ್ನೋರಿಗೆ ಮಾತ್ರ ಇದೇ ಹಿಟ್ಟಿಗೆ ತುರಿದ ಚೀಸ್, ಕರಿಮೆಣಸು ಸೇರಿಸಿ ಒಂದು ಟ್ರೇ ಈ ಸಲವೇ ಮಾಡ್ತೀನಿ.

ಈಗಿನ ಯೋಜನೆ ಹೀಗಿದೆ. ಖಾಲಿ ಪಫ್‌ಗಳನ್ನು ಪೂರ್ತಿ ಆರಿಸಿ ಡಬ್ಬಕ್ಕೆ ಹಾಕಿ ಫ್ರೀಜರ್‌ಗೆ. ಅದಕ್ಕೆ ಅಪ್ಪ ಮೇಲಿನ ತಟ್ಟೆ ಪೂರ್ತಿ ಖಾಲಿ ಮಾಡಿಕೊಟ್ಟಿದ್ದಾರೆ, ಬಟಾಣಿ ಎಲ್ಲ ಈ ವಾರ ಊಟಕ್ಕೆ ಬರುತ್ತಿದೆ. ಆ ದಿನ ಬೆಳಿಗ್ಗೆ 160 ಡಿಗ್ರಿಯಲ್ಲಿ ಏಳೆಂಟು ನಿಮಿಷ ಇಟ್ಟರೆ ಮತ್ತೆ ಗರಿಗರಿ. ಪೇಸ್ಟ್ರಿ ಕ್ರೀಮ್ (ಹಾಲು, ಮೊಟ್ಟೆ, ಸಕ್ಕರೆ ಕಾಯಿಸಿ ಮಾಡೋ ಗಟ್ಟಿ ಕಸ್ಟರ್ಡ್) ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿ. ತುಂಬೋದು ಮಾತ್ರ ಕೇಕ್ ಕತ್ತರಿಸೋಕೆ ಸ್ವಲ್ಪ ಮುಂಚೆ, ಬೇಗ ತುಂಬಿದರೆ ಕ್ರೀಮ್‌ನ ನೀರು ಗೋಡೆಗೆ ಇಳಿದು ಮೆತ್ತಗಾಗುತ್ತೆ. ಒಳಗೋಡೆಗೆ ಕರಗಿಸಿದ ಚಾಕೊಲೇಟ್ ಸವರಿದರೆ ಇನ್ನಷ್ಟು ಹೊತ್ತು ತಡೆಯುತ್ತೆ ಅನ್ನೋದನ್ನು ನಾಳೆ ಅರ್ಧ ಟ್ರೇ ಮೇಲೆ ನೋಡ್ತೀನಿ. ಸವರಿದ್ದು ಒಂದು ಕಡೆ, ಸವರದ್ದು ಒಂದು ಕಡೆ, ಎರಡಕ್ಕೂ ಒಂದೇ ಹೊತ್ತಿಗೆ ಕ್ರೀಮ್. ಗಂಟೆಗೊಮ್ಮೆ ಮುರಿದು ನೋಡೋ ಕೆಲಸಕ್ಕೆ ಅಣ್ಣನ ಮಗ ಆಗಲೇ ಹೆಸರು ಕೊಟ್ಟಿದ್ದಾನೆ.